ಕಾಡಿನಲ್ಲಿ ಬಿಟ್ಟುಬಂದ ಉರುಳು ಯಾರ ಸೊತ್ತು?

ಕಾಡಂಚಿನ ಊರುಗಳಲ್ಲಿ ಒಂದು ವಿಚಿತ್ರ ಬಗೆಯ ಕಳ್ಳತನವಿದೆ. ಬೇಲಿಯ ಕಂಡಿಯಲ್ಲಿ ಸಂಜೆ ಕಟ್ಟಿಬಂದ ತಂತಿ ಬೆಳಗಾಗುವುದರೊಳಗೆ ಕಾಣೆಯಾಗಿರುತ್ತದೆ. ಕಳೆದುಕೊಂಡವನು ಹೋಟೆಲಿನ ಬೆಂಚಿನ ಮೇಲೆ ಕುಳಿತು ಯಾರಮೇಲೋ ಗುಮಾನಿ ಪಡುತ್ತಾನೆ, ಬೈಯುತ್ತಾನೆ, ಹಳೆಯ ಜಗಳಗಳನ್ನು ನೆನಪಿಸಿಕೊಳ್ಳುತ್ತಾನೆ. ಪೊಲೀಸ್ ಠಾಣೆಯ ಮೆಟ್ಟಿಲನ್ನು ಮಾತ್ರ ಹತ್ತುವುದಿಲ್ಲ. ಹತ್ತಿದರೆ, ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಅವನ ಪಾಲಿಗೇ ನಿಜವಾಗುತ್ತದೆ.

ಇದು ನಕ್ಕು ಬಿಟ್ಟುಬಿಡುವ ಸಂಗತಿಯಲ್ಲ. ದನ ಕಾಯುವ ಹುಡುಗನೋ ಸೌದೆಗೆ ಹೋದ ಹೆಂಗಸೋ ಶಾಲೆಯ ಪರಿಸರ ಸಂಘದ ವಿದ್ಯಾರ್ಥಿಯೋ ಉರುಳೊಂದನ್ನು ಬಿಚ್ಚಿ ತಂದರೆ, ಅವರನ್ನು ‘ಕಳ್ಳ’ ಎಂದು ಕರೆದು ಬಾಯಿ ಮುಚ್ಚಿಸುವುದು ಸುಲಭ. ಆ ಹೆಸರಿಗೆ ಹೆದರಿ ಎಷ್ಟೋ ಜನ ಕಂಡದ್ದನ್ನೂ ಕಾಣದವರಂತೆ ದಾಟಿಹೋಗುತ್ತಾರೆ. ಆದ್ದರಿಂದ ಉರುಳು ತೆಗೆಯುವುದು ಕಳ್ಳತನವೇ ಎಂಬ ಪ್ರಶ್ನೆಗೆ ನೇರವಾದ ಉತ್ತರ ಊರಿನವರ ಕೈಯಲ್ಲಿರಬೇಕು.

ಮೊದಲಿಗೆ ಆ ಸಾಧನದ ಸ್ವಭಾವವನ್ನು ಗಮನಿಸಬೇಕು. ಇಂದಿನ ಉರುಳು ಹೆಚ್ಚಾಗಿ ಬೈಕಿನ ಕ್ಲಚ್ ಅಥವಾ ಬ್ರೇಕಿನ ತಂತಿ. ಒಂದು ತುದಿಯಲ್ಲಿ ಜಾರುಗಂಟು, ಇನ್ನೊಂದು ತುದಿ ಗೂಟಕ್ಕೋ ಮರದ ಬುಡಕ್ಕೋ ಬಿಗಿ. ಪ್ರಾಣಿ ಮುಂದಕ್ಕೆ ಎಳೆದಷ್ಟೂ ಕುಣಿಕೆ ಬಿಗಿಯಾಗುತ್ತದೆ. ಕಾಡುಹಂದಿಗೆಂದು ಇಟ್ಟ ಕುಣಿಕೆಗೆ ಚಿರತೆಯ ಸೊಂಟ ಸಿಕ್ಕಿಕೊಳ್ಳುತ್ತದೆ. ಜಿಂಕೆಯ ಕಾಲು, ಕರಡಿಯ ಕೊರಳು, ಬೇಟೆಗೆ ಸಂಬಂಧವೇ ಇಲ್ಲದ ಊರ ನಾಯಿ, ಮೇಯಲು ಹೋದ ಕರು, ಯಾವುದನ್ನೂ ಅದು ಬೇರೆಯೆಂದು ಗುರುತಿಸದು. ತಂತಿಯನ್ನು ಹರಿದುಕೊಂಡು ಓಡಿದ ಪ್ರಾಣಿಯೂ ಉಳಿಯುವುದು ಅಪರೂಪ. ಮಾಂಸದೊಳಗೆ ಹೂತ ಕುಣಿಕೆ ಕೊಳೆತು, ವಾರಗಟ್ಟಲೆ ನರಳಿಸಿ ಕೊಲ್ಲುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿತೋಟಗಳ ಅಂಚಿನಲ್ಲಿ ಹೀಗೆ ಸತ್ತ ಚಿರತೆಗಳ ಸುದ್ದಿ ವರ್ಷ ವರ್ಷವೂ ಬರುತ್ತಿದೆ. ಕಟ್ಟಿದವನು ಮರೆತರೂ ತಂತಿ ಮರೆಯುವುದಿಲ್ಲ. ಮಳೆಗಾಲ, ಬೇಸಿಗೆ, ಮರಿ ಹಾಕುವ ಕಾಲವೆಂಬ ಭೇದವಿಲ್ಲದೆ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಈಗ ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ ಎಂದರೆ ಗುಂಡು ಹೊಡೆದು ಕೊಲ್ಲುವುದಷ್ಟೇ ಅಲ್ಲ. ಉರುಳಿನಲ್ಲಿ ಹಿಡಿಯುವುದು, ಬಲೆಗೆ ಬೀಳಿಸುವುದು, ಆಮಿಷ ಒಡ್ಡುವುದು, ಇವುಗಳ ಪ್ರತಿಯೊಂದು ಪ್ರಯತ್ನವೂ ಬೇಟೆಯೇ. ಆದ್ದರಿಂದ ಕಾಡುಪ್ರಾಣಿಗೆಂದು ಒಡ್ಡಿದ ಉರುಳು ಬರಿದಾಗಿದ್ದರೂ ಒಡ್ಡಿದವನು ಅಪರಾಧದೊಳಗೇ ಇದ್ದಾನೆ. ಅಪರಾಧಕ್ಕೆ ಬಳಸಿ, ವಶಪಡಿಸಿಕೊಂಡ ಆಯುಧ, ಬಲೆ, ವಾಹನಗಳು 39ನೆಯ ಕಲಮಿನಂತೆ ಸರ್ಕಾರದ ಸೊತ್ತಾಗುತ್ತವೆ. ಅಂಥ ಸರ್ಕಾರಿ ಸೊತ್ತು ಯಾರ ಕೈಗಾದರೂ ಬಂದರೆ 48 ಗಂಟೆಗಳೊಳಗೆ ಹತ್ತಿರದ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕೆಂದು ಅದೇ ಕಲಮು ಹೇಳುತ್ತದೆ. ಇನ್ನು ಕಳ್ಳತನ. ಹಿಂದಿನ ಭಾರತೀಯ ದಂಡ ಸಂಹಿತೆಯಲ್ಲಿದ್ದಂತೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದರ ತಿರುಳು ಒಂದೇ: ಅಪ್ರಾಮಾಣಿಕವಾದ ಉದ್ದೇಶ. ಪ್ರಾಣಿಯ ಜೀವ ಉಳಿಸಲೆಂದು ಕುಣಿಕೆ ಬಿಚ್ಚಿ ಅರಣ್ಯ ಸಿಬ್ಬಂದಿಗೆ ಒಪ್ಪಿಸಿದವನಲ್ಲಿ ಆ ಉದ್ದೇಶವಿಲ್ಲ. ಆದರೆ ತಂತಿಯನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ತನ್ನ ಹೊಲದ ಬೇಲಿಗೆ ಕಟ್ಟಿದವನ ಮಾತು ಬೇರೆ. ಅವನು ಮೊದಲ ಬೇಟೆಗಾರನ ಜಾಗದಲ್ಲಿ ತಾನು ಹೋಗಿ ನಿಂತಿದ್ದಾನೆ.

ಹಾಗೆಂದು ವಿದ್ಯಾರ್ಥಿಗಳು ಗುಂಪುಕಟ್ಟಿ ಕಾಡು ಹೊಕ್ಕು ಉರುಳು ಹುಡುಕಬೇಕೆಂದು ಯಾರೂ ತಿಳಿಯಬಾರದು. ಅಭಯಾರಣ್ಯದೊಳಕ್ಕೆ ಅನುಮತಿಯಿಲ್ಲದೆ ಹೋಗುವುದೇ ತಪ್ಪಾಗುತ್ತದೆ. ಅವಸರದಲ್ಲಿ ಬಿಚ್ಚಿದ ತಂತಿಯೊಡನೆ ಸಾಕ್ಷ್ಯವೂ ಬಿಚ್ಚಿಹೋಗುತ್ತದೆ. ಕಂಡ ಜಾಗ, ಹೊತ್ತು, ಹತ್ತಿರದ ಗುರುತುಗಳನ್ನು ಬರೆದಿಟ್ಟು, ಸಾಧ್ಯವಾದರೆ ಚಿತ್ರ ತೆಗೆದು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೋ ಗಸ್ತಿನ ಸಿಬ್ಬಂದಿಗೋ ತಿಳಿಸುವುದು ಮೊದಲ ಕೆಲಸ. ಸಿಬ್ಬಂದಿ ಬಂದು ಮಹಜರು ಮಾಡಿ ತೆಗೆದ ಉರುಳಿಗೆ ನ್ಯಾಯಾಲಯದಲ್ಲಿ ಬೆಲೆಯುಂಟು. ಪ್ರಾಣಿ ಜೀವಂತವಾಗಿ ಸಿಕ್ಕಿಕೊಂಡಿದ್ದರೆ ಹತ್ತಿರ ಸುಳಿಯಲೇಬಾರದು. ಜನ ಸುತ್ತುಗಟ್ಟಿ ಕೂಗಾಡಿದಷ್ಟೂ ಅದು ಎಳೆದಾಡುತ್ತದೆ, ಕುಣಿಕೆ ಇನ್ನಷ್ಟು ಒಳಗಿಳಿಯುತ್ತದೆ. ತಂತಿ ಕಿತ್ತುಬಂದರೆ ಎದುರಿಗಿದ್ದವನ ಜೀವಕ್ಕೂ ಸಂಚಕಾರ.

ಬೇಟೆಗೆ ಪರವಾನಗಿಯಿರುವ ದೇಶಗಳಲ್ಲಿ ಈ ಪ್ರಶ್ನೆಯ ರೂಪವೇ ಬೇರೆ. ಅಮೆರಿಕದಲ್ಲಿ ಬೇಟೆಗಾರರು ಮರಕ್ಕೆ ಕಟ್ಟಿದ ಅಟ್ಟಣಿಗೆ, ಕ್ಯಾಮೆರಾ, ಬೋನುಗಳನ್ನು ವಾರಗಟ್ಟಲೆ ಕಾಡಿನಲ್ಲೇ ಬಿಡುತ್ತಾರೆ. ಅವು ಕಳುವಾದರೆ ಪೊಲೀಸರಿಗೆ ದೂರು ಕೊಡುತ್ತಾರೆ. ಇನ್ನೊಬ್ಬನು ಕಾನೂನುಬದ್ಧವಾಗಿ ಇಟ್ಟ ಬೋನನ್ನು ಮುಟ್ಟುವುದು ಅಲ್ಲಿನ ಅನೇಕ ರಾಜ್ಯಗಳಲ್ಲಿ ಅಪರಾಧ. ಅಲ್ಲಿ ಸಾಧನದ ಮೇಲೆ ಹಕ್ಕಿರುವುದು ಬೇಟೆಗೆ ಅನುಮತಿ ಇರುವುದರಿಂದ. ಆ ಅನುಮತಿಯೇ ಇಲ್ಲದ ಕಡೆ ‘ನನ್ನ ಉರುಳು’ ಎಂಬ ಮಾತಿಗೆ ಆಧಾರವಿಲ್ಲ. ಉರುಳಿನ ಬಗ್ಗೆ ಹೊರದೇಶಗಳ ಮನಸ್ಸೂ ಬದಲಾಗುತ್ತಿದೆ: 2023ರಲ್ಲಿ ವೇಲ್ಸ್, 2024ರಲ್ಲಿ ಸ್ಕಾಟ್ಲೆಂಡ್ ಅದನ್ನು ಪೂರ್ತಿ ನಿಷೇಧಿಸಿದವು.

ಕಾಡಿನ ಕಳ್ಳತನದ ಮಾತು ಬಂದಾಗ ಬೆಟ್ಟದಿಂದಿಳಿದು ಬಯಲಿನತ್ತಲೂ ನೋಡಬೇಕು. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಗೊಬ್ಬೂರಿನ ಸುತ್ತ ದಟ್ಟ ಕಾಡಿಲ್ಲ. ಇರುವುದು ಎರೆಭೂಮಿ, ತೊಗರಿ, ಜೋಳ. ಆಳಂದ, ಜೇವರ್ಗಿಗಳೂ ಸೇರಿದಂತೆ ಈ ಭೀಮಾ ಸೀಮೆಗೆ, ಪಕ್ಕದ ಸೊಲ್ಲಾಪುರದ ಕಡೆಗೆ, ಉರುಳಿನ ಹೆಸರನ್ನೇ ಕುಲದ ಹೆಸರಾಗಿ ಹೊತ್ತ ಜನ ಪರಿಚಿತರು. ಫಾಸೆ ಪಾರ್ಧಿ ಎಂಬ ಹೆಸರಿನಲ್ಲಿ ‘ಫಾಸೆ’ ಎಂದರೆ ಕುಣಿಕೆ, ಕನ್ನಡದ ಪಾಶವೇ ಅದು. ಹರಣಶಿಕಾರಿ ಎಂದರೆ ಜಿಂಕೆಯ ಬೇಟೆಗಾರ. ಕೃಷ್ಣಮೃಗ, ಕೌಜುಗ, ಪುರ್ಲಿ ಹಕ್ಕಿಗಳನ್ನು ಕುಣಿಕೆಯಿಂದ ಹಿಡಿಯುವುದು ಅವರ ಕಸುಬಾಗಿತ್ತು. ಹಾಗೆ ಸಿಕ್ಕಿದ ಪ್ರಾಣಿಗಳಲ್ಲಿ ಮರಿಗಳನ್ನೂ ಗಬ್ಬವಾದ ಹೆಣ್ಣುಗಳನ್ನೂ ಬಿಟ್ಟುಬಿಡುವ ಕಟ್ಟಳೆ ಫಾಸೆ ಪಾರ್ಧಿಗಳಲ್ಲಿತ್ತೆಂದು ಮಾಧವ ಗಾಡ್ಗೀಳ್ ಮತ್ತು ಕೈಲಾಶ್ ಮಲ್ಹೋತ್ರಾ ದಾಖಲಿಸಿದ್ದಾರೆ. ಬೇಟೆಗಾರ ಕುಣಿಕೆಯ ಹತ್ತಿರವಿದ್ದರೆ ಮಾತ್ರ ಬಿಟ್ಟುಬಿಡುವುದು ಸಾಧ್ಯ. ಇಂದು ಕ್ಲಚ್ ತಂತಿ ಕಟ್ಟಿ ಮನೆಗೆ ಹೋಗಿ ಮಲಗುವವನಿಗೆ ಆ ಅವಕಾಶವೂ ಇಲ್ಲ, ಆ ಕಟ್ಟಳೆಯೂ ಇಲ್ಲ. ಹಳೆಯ ಬೇಟೆಯ ಹೆಸರು ಹೇಳಿ ಇಂದಿನ ಉರುಳನ್ನು ಸಮರ್ಥಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಈ ಜನರಿಗೆ ಚರಿತ್ರೆ ಮಾಡಿದ ಅನ್ಯಾಯ ಸಣ್ಣದಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಹುಟ್ಟಿನಿಂದಲೇ ಮನುಷ್ಯನನ್ನು ಕಳ್ಳನೆಂದು ಬರೆಯಿತು. 1911ರಲ್ಲಿ ಅದು ಮುಂಬಯಿ ಪ್ರಾಂತ್ಯಕ್ಕೂ ವಿಸ್ತರಿಸಿತು. ಸೊಲ್ಲಾಪುರ, ಹುಬ್ಬಳ್ಳಿಗಳಲ್ಲಿ ಅಂಥವರನ್ನು ಕೂಡಿಹಾಕುವ ಸೆಟ್ಲ್‌ಮೆಂಟುಗಳು ಎದ್ದವು. 1952ರ ಆಗಸ್ಟ್ 31ರಂದು ಆ ಪಟ್ಟಿ ಅಳಿಯಿತು, ಪಟ್ಟ ಮಾತ್ರ ಅಳಿಯಲಿಲ್ಲ. 1972ರಲ್ಲಿ ಕಸುಬೂ ಕಾನೂನಿನ ಹೊರಗಾಯಿತು. ಕಸುಬು ನಿಲ್ಲಬೇಕಾದದ್ದು ಸರಿ, ಆದರೆ ಬದಲಿಗೆ ಹೊಲವಾಗಲಿ ಶಾಲೆಯಾಗಲಿ ಕೂಲಿಯಾಗಲಿ ಎಲ್ಲರಿಗೂ ದೊರೆಯಲಿಲ್ಲ. ಹೊಲದಂಚಿನಲ್ಲಿ ಉರುಳು ಸಿಕ್ಕರೂ, ಇಟ್ಟ ಉರುಳು ಕಳುವಾದರೂ ಮೊದಲ ಗುಮಾನಿ ಅವರ ಗುಡಿಸಲಿನ ಮೇಲೆ ಬೀಳುವುದು ಈ ಹಳೆಯ ಪಟ್ಟದ ಫಲ. ತಂತಿ ಕಟ್ಟಿದವನು ಪಕ್ಕದ ಹೊಲದ ಗೌಡನೂ ಆಗಿರಬಹುದೆಂದು ಯೋಚಿಸುವವರು ಕಡಿಮೆ. ವನ್ಯಜೀವಿಯ ಪರವಾಗಿ ನಿಲ್ಲುವವರು ಜಾತಿ ನೋಡಿ ಬೆರಳು ತೋರುವುದನ್ನು ಮೊದಲು ಬಿಡಬೇಕು.

ರೈತನ ಸಂಕಟವನ್ನು ಮರೆತು ಈ ಚರ್ಚೆ ಮುಗಿಯದು. ಒಂದು ರಾತ್ರಿಯಲ್ಲಿ ಕಾಡುಹಂದಿಯ ಹಿಂಡು ಜೋಳದ ಹೊಲವನ್ನೋ ಶೇಂಗಾವನ್ನೋ ಮಗುಚಿಹಾಕಿದರೆ, ನಾಲ್ಕು ತಿಂಗಳ ಬೆವರು ಮಣ್ಣುಪಾಲು. ಅರ್ಜಿ ಕೊಟ್ಟರೆ ಪರಿಹಾರ ತಡ, ಕೊಡದಿದ್ದರೆ ಅದೂ ಇಲ್ಲ. ಅತ್ತ ದರಿ ಇತ್ತ ಪುಲಿ ಎಂಬಂಥ ಈ ಸ್ಥಿತಿಯಲ್ಲಿ ಅಗ್ಗದ ತಂತಿಯೊಂದು ಪರಿಹಾರವೆನಿಸುವುದು ಸಹಜ. ಆದರೆ ಆ ತಂತಿ ಹಿಡಿಯುವುದು ಹಂದಿಯೊಂದನ್ನೇ ಅಲ್ಲ, ಹಂದಿಯ ಮರಿಗಳನ್ನು ತಿಂದು ಸಂಖ್ಯೆಯನ್ನು ಹದದಲ್ಲಿಡುವ ಚಿರತೆಯನ್ನೂ ಹಿಡಿಯುತ್ತದೆ. ಬೆಳೆ ಕಾಯುವ ಉಪಾಯವೇ ಬೆಳೆಗೆ ಶತ್ರುವಾಗುವುದು ಹೀಗೆ.

ಕಾಡಿನಲ್ಲಿ ಬಿಟ್ಟ ಸಾಧನಗಳಲ್ಲಿ ಇನ್ನೊಂದುಂಟು: ಅರಣ್ಯ ಇಲಾಖೆ ಮತ್ತು ಸಂಶೋಧಕರ ಕ್ಯಾಮೆರಾ. 1990ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಯ ಪಟ್ಟೆಗಳನ್ನು ಗುರುತಿಸಲು ಬಳಸಿದ ಈ ವಿಧಾನ ಇಂದು ದೇಶದ ಉದ್ದಗಲಕ್ಕೂ ಹಬ್ಬಿದೆ. 2018ರ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಡಲಾಗಿತ್ತು. ಕಳ್ಳಬೇಟೆಗಾರನಿಗೆ ತನ್ನ ಮುಖ ಹಿಡಿಯುವ ಈ ಪೆಟ್ಟಿಗೆ ಕಣ್ಣುಕಿಸುರು. ಅದನ್ನು ಕಿತ್ತೊಯ್ಯುವುದು ಯಾವ ಅನುಮಾನವೂ ಇಲ್ಲದ ಕಳ್ಳತನ. ಆದರೆ ಸೌದೆಗೆ ಹೋಗುವ ಹೆಂಗಸರ ಮುಖವೂ ಅದರಲ್ಲಿ ಬೀಳುತ್ತದೆ. ಉತ್ತರಾಖಂಡದ ಕಾರ್ಬೆಟ್ ಪ್ರದೇಶದಲ್ಲಿ ಹೀಗೆ ಸಿಕ್ಕ ಹೆಂಗಸೊಬ್ಬಳ ಚಿತ್ರ ಊರಿನ ಮೊಬೈಲುಗಳಲ್ಲಿ ಹರಿದಾಡಿತೆಂದೂ, ಸಿಟ್ಟಿಗೆದ್ದ ಜನ ಕ್ಯಾಮೆರಾಗಳನ್ನು ಒಡೆದರೆಂದೂ 2024ರ ಅಧ್ಯಯನವೊಂದು ತಿಳಿಸಿದೆ. ಕಾನೂನಿನ ರಕ್ಷಣೆ ಪಡೆದ ಸಾಧನಕ್ಕೂ ಜನರ ವಿಶ್ವಾಸ ಬೇಕು. ಕ್ಯಾಮೆರಾ ಎಲ್ಲಿದೆ, ಏಕಿದೆ, ಮನುಷ್ಯರ ಚಿತ್ರಗಳನ್ನು ಏನು ಮಾಡಲಾಗುತ್ತದೆ ಎಂಬುದನ್ನು ಇಡುವ ಮುನ್ನವೇ ಹತ್ತಿರದ ಹಳ್ಳಿಗೆ ಹೇಳುವುದು ಇಲಾಖೆಯ ಹೊಣೆ.

ಹಾಗಾದರೆ ಊರು ಮಾಡಬೇಕಾದದ್ದೇನು? ಗ್ರಾಮಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಉರುಳಿನ ಸುದ್ದಿ ಕೊಟ್ಟವರ ಹೆಸರನ್ನು ಗುಟ್ಟಾಗಿಡುವ ಭರವಸೆಯನ್ನು ಅರಣ್ಯ ಸಿಬ್ಬಂದಿಯಿಂದ ಎಲ್ಲರ ಎದುರಿಗೇ ಪಡೆಯಲಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯಿತಿಗಳಲ್ಲಿ ರಚನೆಯಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಕಾಗದದ ಮೇಲಷ್ಟೇ ಉಳಿಯದೆ, ಸುಗ್ಗಿಗೆ ಮುಂಚೆ ಹೊಲದಂಚುಗಳನ್ನು ಸಿಬ್ಬಂದಿಯೊಡನೆ ಸುತ್ತಿ ನೋಡಲಿ. ಬೆಳೆನಷ್ಟದ ಅರ್ಜಿ ಬರೆಯಲು ತಿಳಿಯದ ರೈತನಿಗೆ ಓದಿದ ಮಕ್ಕಳು ನೆರವಾಗಲಿ. ತಡವಾದ ಪರಿಹಾರದ ಲೆಕ್ಕವನ್ನು ಸಭೆಯಲ್ಲೇ ಕೇಳಲಿ. ಬೇಟೆಯನ್ನು ಬಿಟ್ಟ ಕುಲಗಳ ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುವುದೂ ವನ್ಯಜೀವಿ ರಕ್ಷಣೆಯ ಕೆಲಸವೇ ಎಂಬುದನ್ನು ಪರಿಸರ ಸಂಘಟನೆಗಳು ಒಪ್ಪಿಕೊಳ್ಳಲಿ.

ನಾಳೆ ಯಾರಾದರೂ ಹೋಟೆಲಿನ ಬೆಂಚಿನ ಮೇಲೆ ಕುಳಿತು ತನ್ನ ತಂತಿ ಕಳುವಾಯಿತೆಂದು ಹಲುಬಿದರೆ, ಅಲ್ಲಿದ್ದವರಲ್ಲಿ ಒಬ್ಬರಾದರೂ ಅದನ್ನು ಎಲ್ಲಿ, ಯಾತಕ್ಕೆ ಕಟ್ಟಿದ್ದೆ ಎಂದು ಕೇಳಲಿ. ಹಾಗೆ ಕೇಳುವ ಧೈರ್ಯ ಊರಿಗೆ ಬಂದರೆ, ಬಿಚ್ಚಿ ತಂದ ಹುಡುಗನಿಗೆ ತಾನೇಕೆ ಬಿಚ್ಚಿದೆನೆಂದು ಹೇಳಲು ಹೆದರಿಕೆ ಇರುವುದಿಲ್ಲ.