ವರ್ತಕರ ಮಂಡಲಿಯೂ ನಮ್ಮ ವರ್ತಕರೂ

ಮದರಾಸಿನ ವಾಣಿಜ್ಯ ಮಂಡಲಿಯು ಸ್ಥಾಪಿತವಾದುದು 1836ನೆಯ ಇಸವಿ ಸೆಪ್ಟೆಂಬರ್ 29ರಂದು. ಮುಂಬಯಿಯ ಮಂಡಲಿಯು ಅದೇ ತಿಂಗಳ 22ರಂದು ಹುಟ್ಟಿತ್ತು. ಕಲ್ಕತ್ತೆಯ ವರ್ತಕರು ಅದಕ್ಕೂ ಎರಡು ವರ್ಷ ಮೊದಲೇ ಕೂಡಿಕೊಂಡಿದ್ದರು. ಮೂರು ನಗರಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಈ ಕಾರ್ಯ ನಡೆದುದು ಆಕಸ್ಮಿಕವಲ್ಲ. 1833ರ ಸನ್ನದು ಕಾಯಿದೆಯು ಈಸ್ಟ್ ಇಂಡಿಯಾ ಕಂಪೆನಿಯ ವ್ಯಾಪಾರವನ್ನು ಕೊನೆಗೊಳಿಸಿ, ಅದನ್ನು ಬರಿಯ ಆಡಳಿತ ಸಂಸ್ಥೆಯನ್ನಾಗಿ ಉಳಿಸಿತು. ಆಳುವವನೇ ವ್ಯಾಪಾರಿಯೂ ಆಗಿದ್ದಾಗ ಇತರ ವರ್ತಕರು ಯಾರ ಮುಂದೆ ಅಹವಾಲು ಹೇಳಿಕೊಳ್ಳಬೇಕು? ಸರಕಾರ ಬೇರೆ, ವರ್ತಕ ಬೇರೆ ಎಂದಾದ ಮೇಲೆಯೇ ಸರಕಾರದೊಡನೆ ಮಾತನಾಡುವುದಕ್ಕೆ ವರ್ತಕರಿಗೆ ಒಂದು ಬಾಯಿ ಬೇಕಾಯಿತು.

ಆರ್ಮೀನಿಯನ್ ಬೀದಿಯ ಬಿನ್ನಿ ಕಂಪೆನಿಯ ಕಚೇರಿಯಲ್ಲಿ ಸಭೆ ಸೇರಿದವರು ಆ ಬಾಯಿಯನ್ನು ಸಂಪಾದಿಸಿಕೊಂಡರು. ಅರ್ಬತ್‌ನಾಟ್ ಮನೆತನದ ಜೆ. ಎ. ಅರ್ಬತ್‌ನಾಟ್ ಮೊದಲ ಅಧ್ಯಕ್ಷರಾದರು. ಅಂದಿನ ಮದರಾಸಿಗೆ ಬಂದರೆಂಬುದೇ ಇರಲಿಲ್ಲವೆಂಬುದನ್ನು ಇಂದಿನ ವಾಚಕರು ನೆನೆದುಕೊಳ್ಳಬೇಕು. ಹಡಗು ದೂರದ ಕಡಲಿನಲ್ಲಿ ನಿಲ್ಲುತ್ತಿತ್ತು. ನೂಲಿನಿಂದ ಹೊಲಿದ ಮಸುಲಾ ದೋಣಿಗಳು ಅಬ್ಬರದ ಅಲೆಗಳನ್ನು ಸೀಳಿ ಹೋಗಿ ಸರಕನ್ನು ದಡಕ್ಕೆ ತರುತ್ತಿದ್ದವು. ನೆನೆದ ಸರಕೆಷ್ಟು, ಮುಳುಗಿದ ಸರಕೆಷ್ಟು! ವರ್ತಕರ ಮೊದಲ ಸಂಕಟ ಇದೇ ಆಗಿತ್ತು. 1861ರಲ್ಲಿ ಕಬ್ಬಿಣದ ಕಟ್ಟೆ ಸಿದ್ಧವಾಯಿತು. ಅನಂತರ ಆರಂಭವಾದ ಬಂದರಿನ ತೋಳುಗಳನ್ನು 1881ರ ಚಂಡಮಾರುತವು ಮುರಿದು ಹಾಕಿತು. ಈ ಶತಮಾನಕ್ಕೆ ಹಿಂದಿನ ಶತಮಾನದ ಆರಂಭದಲ್ಲಿ ಸರ್ ಫ್ರಾನ್ಸಿಸ್ ಸ್ಪ್ರಿಂಗರ ಕಾಲಕ್ಕೆ ಬಂದರು ನೆಲೆಗೊಂಡಿತು. ಅಷ್ಟು ದೀರ್ಘಕಾಲ ಒಂದೇ ಮಾತನ್ನು ಬಿಡದೆ ಹೇಳುತ್ತಿರುವುದು ಒಬ್ಬ ವರ್ತಕನ ಆಯುಷ್ಯದಲ್ಲಿ ಆಗುವ ಕೆಲಸವಲ್ಲ. ವರ್ತಕನು ತೀರಿಕೊಂಡರೂ ಮಂಡಲಿಯು ಉಳಿಯುತ್ತದೆ, ಅದರ ಕಡತವೂ ಉಳಿಯುತ್ತದೆ.

ಆದರೆ ಆ ಬಾಯಿ ಯಾರದು? ಅಂದಿನ ಮಂಡಲಿಯು ಆಂಗ್ಲ ಮನೆತನಗಳ ಹಿಡಿತದಲ್ಲಿದ್ದಿತು. ಈ ನಾಡಿನ ಹತ್ತಿ, ತೊಗಲು, ನೀಲಿಗಳನ್ನು ಸಂತೆಸಂತೆಗಳಲ್ಲಿ ಕೊಂಡು ರೇವಿಗೆ ಸಾಗಿಸುತ್ತಿದ್ದ ದೇಶೀಯ ವರ್ತಕನಿಗೆ ಅಲ್ಲಿ ಹೆಚ್ಚಿನ ಮಾತಿರಲಿಲ್ಲ. ಕಣ್ಣು ತೆರೆಯಿಸಿದುದು 1906ರ ಅಕ್ಟೋಬರ್ 22. ಅಂದು ಅರ್ಬತ್‌ನಾಟ್ ಕಂಪೆನಿಯು ದಿವಾಳಿಯೆದ್ದಿತು. ಎಪ್ಪತ್ತು ವರ್ಷಗಳ ಹಿಂದೆ ಮಂಡಲಿಗೆ ಮೊದಲ ಅಧ್ಯಕ್ಷರನ್ನು ಕೊಟ್ಟ ಮನೆತನವೇ ಅದು. ಪಿಂಚಣಿದಾರರ ಗಂಟು, ವಿಧವೆಯರ ಗಂಟು, ಸಂಸ್ಥೆಗಳ ನಿಧಿ, ಎಲ್ಲವೂ ಅದರಲ್ಲಿ ಕೊಚ್ಚಿಹೋದವು. ಸರ್ ಜಾರ್ಜ್ ಅರ್ಬತ್‌ನಾಟರು ಸೆರೆಮನೆಗೆ ಹೋದರು. ಪರರ ಪೆಟ್ಟಿಗೆಯನ್ನು ನಂಬಿ ಕೆಟ್ಟೆವೆಂಬ ಅರಿವಿನಿಂದ 1907ರಲ್ಲಿ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರು ಇಂಡಿಯನ್ ಬ್ಯಾಂಕನ್ನು ಸ್ಥಾಪಿಸಿದರು. 1909ರಲ್ಲಿ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಅಧ್ಯಕ್ಷತೆಯಲ್ಲಿ ದಕ್ಷಿಣ ಭಾರತ ವಾಣಿಜ್ಯ ಮಂಡಲಿಯು ತಲೆಯೆತ್ತಿತು. ಮುಂದೆ 1919ರ ಸುಧಾರಣೆಗಳ ತರುವಾಯ ಶಾಸನಸಭೆಯಲ್ಲಿ ವಾಣಿಜ್ಯಕ್ಕೆಂದೇ ಸ್ಥಾನಗಳು ಮೀಸಲಾದಾಗ, ದೇಶೀಯ ವರ್ತಕರಿಗೂ ಅಲ್ಲಿ ಒಂದು ಕುರ್ಚಿ ಇದ್ದಿತು. 1928ರಲ್ಲಿ ಇದೇ ನಗರದಲ್ಲಿ ಆಂಧ್ರ ವಾಣಿಜ್ಯ ಮಂಡಲಿಯೂ 1944ರಲ್ಲಿ ತಮಿಳು ವಾಣಿಜ್ಯ ಮಂಡಲಿಯೂ ಹುಟ್ಟಿದವು.

ನಾವು ವಾಸಿಸುವ ತ್ರಿಪ್ಲಿಕೇನಿಗೂ ಈ ಚರಿತ್ರೆಯಲ್ಲಿ ಪಾಲುಂಟು. ಕೊಳ್ಳುವವರೂ ಸಂಘಟಿತರಾಗಬಹುದೆಂದು ತೋರಿಸಿಕೊಟ್ಟುದು ಈ ಬೀದಿಗಳೇ. 1904ರಲ್ಲಿ ಕೆಲವೇ ಮಂದಿ ಮಧ್ಯಮವರ್ಗದ ಗೃಹಸ್ಥರು ಸೇರಿ ಕಟ್ಟಿದ ತ್ರಿಪ್ಲಿಕೇನ್ ಅರ್ಬನ್ ಸಹಕಾರ ಸಂಘವು ಅಕ್ಕಿ ಬೇಳೆಗಳನ್ನು ನ್ಯಾಯವಾದ ತೂಕಕ್ಕೆ ಮಾರಿ ದೇಶಕ್ಕೇ ಮಾದರಿಯಾಯಿತು. ಮಾರುವ ಕನ್ನಡಿಗರ ಕಥೆ ಮಾತ್ರ ಬೇರೆ.

ಮಂಗಳೂರಿಗೆ 1907ರಲ್ಲಿ ರೈಲು ಬಂದ ಮೇಲೆ ದಕ್ಷಿಣ ಕನ್ನಡದ ಹುಡುಗರಿಗೆ ಮದರಾಸು ಹತ್ತಿರವಾಯಿತು. 1956ರವರೆಗೆ ಆ ಜಿಲ್ಲೆಯು ಈ ರಾಜ್ಯದ್ದೇ ಆಗಿದ್ದುದರಿಂದ, ಇಲ್ಲಿಗೆ ಬಂದವನು ಪರನಾಡಿಗೆ ಬಂದನೆನ್ನುವಂತೆಯೂ ಇರಲಿಲ್ಲ. ಒರಳು ತಿರುವುತ್ತ, ಎಂಜಲೆಲೆ ತೆಗೆಯುತ್ತ ದುಡಿದು, ಕೊನೆಗೆ ತಮ್ಮದೇ ಗಲ್ಲದ ಮುಂದೆ ಕುಳಿತವರು ಎಷ್ಟೋ ಮಂದಿ. ಕಡಂದಲೆಯ ಕೆ. ಕೃಷ್ಣರಾಯರು ಅವರಲ್ಲಿ ಅಗ್ರಗಣ್ಯರು. ಜಾರ್ಜ್ ಟೌನಿನಿಂದ ಮೌಂಟ್ ರೋಡಿಗೆ, ಅಲ್ಲಿಂದ ರಾಯಪೇಟೆಯ ವುಡ್‌ಲ್ಯಾಂಡ್ಸಿಗೆ ಅವರು ಬೆಳೆದ ಬಗೆಯನ್ನು ಬಲ್ಲವರು ಈಗಲೂ ಇದ್ದಾರೆ. 1962ರಲ್ಲಿ ಕತೀಡ್ರಲ್ ರಸ್ತೆಯಲ್ಲಿ ಆರಂಭವಾದ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ 2008ರಲ್ಲಿ ಮುಚ್ಚಿದಾಗ ಊರಿಗೆ ಊರೇ ಮರುಗಿತು.

ಆದರೆ ಅಂತಹ ಹೆಸರುಗಳು ಬೆರಳೆಣಿಕೆಯವು. ಮಿಕ್ಕವರ ಅಂಗಡಿಗಳ ಲೆಕ್ಕವೆಲ್ಲಿದೆ? ದೊಡ್ಡ ಮಂಡಲಿಗಳು ರಫ್ತು, ಗಿರಣಿ, ಬ್ಯಾಂಕುಗಳ ಮಾತನ್ನಾಡಿದವೇ ಹೊರತು ಇಡ್ಲಿ ಕಾಫಿಯ ಮಾತನ್ನು ಆಡಲಿಲ್ಲವೆಂಬುದು ನಿಜ. ಆದರೂ ಸರಕಾರವು ಇಡ್ಲಿ ಕಾಫಿಯನ್ನು ಮರೆತಿತೆಂದು ಹೇಳುವಂತಿಲ್ಲ: ಯುದ್ಧಕಾಲದ ಪಡಿತರ, 1958ರ ಉಪಾಹಾರಗೃಹಗಳ ಕಾಯಿದೆ, 2017ರ ಜುಲೈ 1ರಿಂದ ಬಂದ ಸರಕು ಮತ್ತು ಸೇವಾ ತೆರಿಗೆ, ಎಲ್ಲವೂ ಗಲ್ಲದವರೆಗೆ ಬಂದು ತಟ್ಟಿದವು. ಈ ಕೊನೆಯದರಲ್ಲಿ ಶೇಕಡಾ 12 ಮತ್ತು 18 ಇದ್ದ ದರವು, ಹೋಟೆಲುಗಾರರ ಸಂಘಗಳು ದೇಶಾದ್ಯಂತ ಅಹವಾಲು ಸಲ್ಲಿಸಿದ ತರುವಾಯ, ಅದೇ ನವೆಂಬರಿನಲ್ಲಿ ಶೇಕಡಾ 5ಕ್ಕೆ ಇಳಿಯಿತು. ಸಂಘಕ್ಕೆ ಚಂದಾ ಕೊಡದೆ ಆ ಇಳಿಕೆಯ ಲಾಭವನ್ನು ಮಾತ್ರ ಪಡೆದವರು ನಮ್ಮಲ್ಲಿ ಕಡಮೆಯಿಲ್ಲ. ಇದನ್ನು ನಾವು ಸಂತೋಷದಿಂದ ಬರೆಯುತ್ತಿಲ್ಲ.

1836ರ ಮಂಡಲಿಗೆ 2011ರಲ್ಲಿ 175 ವರ್ಷ ತುಂಬಿತು. ಅದರ ಚರಿತ್ರೆಯನ್ನು ಬರೆಯಬಲ್ಲೆವೇಕೆಂದರೆ ಅದು ನಡಾವಳಿಯನ್ನು ಬರೆದಿಟ್ಟಿತು. ನಮ್ಮವರು ಒಂದು ತಲೆಮಾರಿನುದ್ದಕ್ಕೂ ದಿನದಿನವೂ ಕಿರ್ದಿ ಬರೆದರು, ಬಾಗಿಲು ಹಾಕಿದ ದಿನ ಅದನ್ನು ಹಳೆಯ ಕಾಗದದವನಿಗೆ ತೂಕಕ್ಕೆ ಹಾಕಿದರು. ಮಕ್ಕಳು ಎಂಜಿನಿಯರುಗಳಾಗಿ ದೂರ ಹೋಗಿರುವುದು ಹೆಮ್ಮೆಯ ವಿಷಯವೇ. ತಂದೆಯ ಅಡುಗೆಮನೆಯನ್ನು ಮುಂದುವರಿಸಿರೆಂದು ಅವರನ್ನು ಒತ್ತಾಯಿಸುವ ಅಧಿಕಾರ ನಮಗಿಲ್ಲ. ಆದರೆ ಅಟ್ಟದ ಮೇಲಿನ ಕಟ್ಟನ್ನು ಬಿಚ್ಚಿನೋಡದೆ ಕೊಡಬೇಡಿರೆಂದು ಹೇಳುವ ಸಲಿಗೆಯುಂಟು. ಅದರಲ್ಲಿ ಕಾರ್ಪೊರೇಷನ್ನಿನ ಲೈಸೆನ್ಸ್ ಇರಬಹುದು, ಬಾಡಿಗೆಯ ಕರಾರು ಇರಬಹುದು, ಊರಿನಿಂದ ಬಂದ ಹುಡುಗರ ಸಂಬಳದ ಪಟ್ಟಿ ಇರಬಹುದು.

ನಗರದ ಕನ್ನಡ ಸಂಘಗಳು ವರ್ಷಕ್ಕೊಂದು ನಾಟಕದ ಖರ್ಚಿನಲ್ಲಿ ಸ್ವಲ್ಪವನ್ನು ಉಳಿಸಿ, ಒಂದು ಬೀರುವನ್ನು ಕೊಂಡು, ಈ ಕಾಗದಗಳಿಗೆ ಎಡೆ ಮಾಡಿಕೊಡಬೇಕೆಂಬುದು ನಮ್ಮ ಸೂಚನೆ. ಇಬ್ಬರು ತರುಣರು ಮುಂದೆ ಬಂದರೆ ಸಾಕು. ತ್ರಿಪ್ಲಿಕೇನಿನ ದೊಡ್ಡಬೀದಿಯಲ್ಲಿಯೂ ಈಗ ಭಾರತಿ ಸಾಲೈ ಎನಿಸಿರುವ ಪೈಕ್ರಾಫ್ಟ್ಸ್ ರಸ್ತೆಯಲ್ಲಿಯೂ ಇರುವ ಹಳೆಯ ಕನ್ನಡ ಮನೆಗಳಿಂದ ಮೊದಲು ಮಾಡಬಹುದು.