ಮನೆಯ ನುಡಿಪಾಠ: ‘ತಾಯಿಯೊಬ್ಬಳ ಗಳಿಕೆ’

ರೋಣ ತಾಲೂಕಿನ ಜಕ್ಕಲಿಯಿಂದ ತಾಯಿಯೊಬ್ಬರು ಬರೆದ ಪತ್ರವು ಕಳೆದ ತಿಂಗಳು ನಮ್ಮ ಕೈಸೇರಿತು. ಪತಿಯನ್ನು ಕಳೆದುಕೊಂಡ ಆ ಮಾತೆಯು ಹೊಲಿಗೆಯ ಕೆಲಸದಿಂದ ಸಂಸಾರವನ್ನು ಸಾಗಿಸುತ್ತಿರುವರು. ಅವರ ಮಗಳು ವಿದ್ಯಾರ್ಥಿವೇತನವನ್ನು ಬೇಡಿ ಇಂಗ್ಲಿಷಿನಲ್ಲಿ ತಾನೇ ಒಂದು ಅರ್ಜಿಯನ್ನು ಬರೆದಳಂತೆ. ಅದರಲ್ಲಿ ‘ಮೈ ಓನ್ಲಿ ಮದರ್ಸ್ ಇನ್‌ಕಮ್ ಸಪೋರ್ಟ್ಸ್ ಅಸ್’ ಎಂಬುದೊಂದು ವಾಕ್ಯವಿದ್ದಿತು. ಅರ್ಜಿಯನ್ನು ನೋಡಿದವರು, “ಒಬ್ಬೊಬ್ಬರಿಗೆ ಎಷ್ಟು ಮಂದಿ ತಾಯಂದಿರು ಇರುತ್ತಾರವ್ವಾ?” ಎಂದು ನಾಲ್ಕು ಜನರ ಮುಂದೆ ನಕ್ಕು, ತಿದ್ದಿ ತರಬೇಕೆಂದು ಹಿಂದಿರುಗಿಸಿದರು. ಹುಡುಗಿಯು ಅಂದಿನಿಂದ ಇಂಗ್ಲಿಷ್ ಪುಸ್ತಕವನ್ನು ಮುಟ್ಟಲಿಲ್ಲ. ಅರ್ಜಿಯು ಗೂಡಿನಲ್ಲಿಯೇ ಬಿದ್ದಿತು. ಅದನ್ನು ಕೊಡುವ ಕೊನೆಯ ದಿನವು ಸಮೀಪಿಸುತ್ತಲಿತ್ತು. “ಅಂಥಾ ದೊಡ್ಡ ತಪ್ಪು ಏನು ಮಾಡಿದಳ್ರೀ ನನ್ನ ಮಗಳು?” ಎಂದು ಆ ತಾಯಿಯವರ ಪ್ರಶ್ನೆ.

ಅವರಿಗೆ ಕೂಡಲೆ ಅಂಚೆಯಲ್ಲಿ ಉತ್ತರವನ್ನು ಬರೆದೆವು. ಆದರೆ ಈ ತಪ್ಪು ಒಂದು ಮನೆಯದಲ್ಲ. ಕನ್ನಡ ಮನೆಯಲ್ಲಿ ಬೆಳೆದು ಇಂಗ್ಲಿಷ್ ಕಲಿಯುವ ಪ್ರತಿಯೊಂದು ಮಗುವೂ ಎಡವುವ ಕಲ್ಲು ಇದು. ಆದಕಾರಣ ಅವರ ಒಪ್ಪಿಗೆಯನ್ನು ಪಡೆದು, ವಾಚಕರೆಲ್ಲರ ಉಪಯೋಗಕ್ಕಾಗಿ ಇಲ್ಲಿ ಕೊಂಚ ವಿಸ್ತರಿಸಿ ಹೇಳುವೆವು.

ಮೊದಲು ಆ ಹುಡುಗಿಯ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯವನ್ನು ನೋಡೋಣ. ‘ನನ್ನ ತಾಯಿಯೊಬ್ಬಳ ಗಳಿಕೆಯೇ ನಮಗೆ ಆಧಾರ’ ಎಂಬುದೇ ಅದು. ಇಲ್ಲಿ ‘ಒಬ್ಬಳು’ ಎಂಬ ಮಾತು ‘ತಾಯಿ’ಯ ಬೆನ್ನಿಗೆ ಅಂಟಿಕೊಂಡಿದೆ, ಷಷ್ಠೀ ವಿಭಕ್ತಿಯ ಪ್ರತ್ಯಯವು ತಾಯಿಗೆ ಹತ್ತದೆ ಆ ‘ಒಬ್ಬಳಿ’ಗೆ ಹತ್ತಿದೆ. ಕ್ರಿ. ಶ. ೧೨೬೦ರ ಸುಮಾರಿಗೆ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ಷಷ್ಠಿಗೆ ‘ಅ’ ಎಂಬ ಪ್ರತ್ಯಯವನ್ನು ಹೇಳಿರುವನು. ಆ ಒಂದಕ್ಷರವೇ ಇಂದಿಗೂ ‘ತಾಯಿಯ’, ‘ಒಬ್ಬಳ’ ಎಂಬಲ್ಲಿ ದುಡಿಯುತ್ತಿದೆ. ಹುಡುಗಿಯು ‘ಒಬ್ಬಳ’ ಎಂಬುದಕ್ಕೆ ‘ಓನ್ಲಿ’ ಎಂಬ ಶಬ್ದವನ್ನು ಹುಡುಕಿದಳು, ಅದನ್ನು ಕನ್ನಡದಲ್ಲಿ ಇದ್ದಂತೆ ತಾಯಿಯ ಮಗ್ಗುಲಿಗೇ ಇಟ್ಟಳು. ಅವಳ ತರ್ಕದಲ್ಲಿ ದೋಷವಿಲ್ಲ. ಇಂಗ್ಲಿಷಿನಲ್ಲಿ ಆ ಶಬ್ದದ ಪೀಠವು ಬೇರೆಡೆಯಲ್ಲಿದೆ, ಅಷ್ಟೆ.

ಆ ಪೀಠಗಳು ಮೂರು. ‘ಮೈ ಓನ್ಲಿ ಮದರ್ಸ್ ಇನ್‌ಕಮ್’ ಎಂದರೆ ‘ನನಗಿರುವ ಒಬ್ಬಳೇ ತಾಯಿಯ ಗಳಿಕೆ’ ಎಂದಾಗುವದು. ಇಲ್ಲಿ ‘ಓನ್ಲಿ’ಯು ತಾಯಿಗೆ ವಿಶೇಷಣವಾಯಿತು. ‘ಮೈ ಮದರ್ಸ್ ಓನ್ಲಿ ಇನ್‌ಕಮ್’ ಎಂದರೆ ‘ತಾಯಿಗಿರುವ ಒಂದೇ ಒಂದು ಗಳಿಕೆ’ ಎಂದಾಗುವದು. ಇಲ್ಲಿ ಅದು ಗಳಿಕೆಗೆ ವಿಶೇಷಣ. ‘ಓನ್ಲಿ ಮೈ ಮದರ್ಸ್ ಇನ್‌ಕಮ್’ ಎಂದು ಎಲ್ಲಕ್ಕೂ ಮುಂದೆ ಇಟ್ಟರೆ ಮಾತ್ರ ಅದು ಅವ್ಯಯವಾಗಿ, ಷಷ್ಠಿಯ ಆ ಇಡೀ ಗುಂಪನ್ನು ಹಿಡಿದು, ‘ತಾಯಿಯ ಗಳಿಕೆಯಲ್ಲದೆ ಬೇರೆ ಯಾರದೂ ಇಲ್ಲ’ ಎಂಬ ಅರ್ಥವನ್ನು ಕೊಡುವದು. ಹುಡುಗಿಗೆ ಬೇಕಾದುದು ಈ ಮೂರನೆಯದು.

ಇದು ಬರಿಯ ಪಂಡಿತರ ಕಾಳಗವೆಂದು ಯಾರೂ ತಿಳಿಯಬಾರದು. ತಿದ್ದುವ ಅವಸರದಲ್ಲಿ ಹುಡುಗಿಯು ಎರಡನೆಯ ವಾಕ್ಯವನ್ನು ಬರೆದಿದ್ದಳೆನ್ನಿರಿ. ತಾಯಿಗೆ ಹೊಲಿಗೆಯ ಹಣದ ಹೊರತು ಹೊಲದ ಲಾವಣಿಯ ಹಣ ನೂರು ರೂಪಾಯಿ ಬರುತ್ತಿದ್ದರೂ ಆ ಮಾತು ಸುಳ್ಳಾಗುತ್ತಿತ್ತು. ಮೊದಲನೆಯ ವಾಕ್ಯದಿಂದ ನಗೆ ಮಾತ್ರ ಬಂದಿತು. ಎರಡನೆಯದರಿಂದ ಅರ್ಜಿಗೇ ಮುಪ್ಪು ಬರಬಹುದಾಗಿತ್ತು.

ಕನ್ನಡ ನಾಲಿಗೆಗೆ ಇನ್ನೂ ಸುಲಭವಾದ ದಾರಿಯೊಂದುಂಟು. ‘ಅಲೋನ್’ ಎಂಬ ಶಬ್ದವು ನಮ್ಮ ‘ಒಂದೇ’ ಎಂಬುದರಂತೆ ಹಿಂದೆ ನಿಲ್ಲುವದು: ‘ಮೈ ಮದರ್ಸ್ ಇನ್‌ಕಮ್ ಅಲೋನ್ ಸಪೋರ್ಟ್ಸ್ ಅಸ್’. ‘ತಾಯಿಯ ಗಳಿಕೆಯೊಂದೇ’ ಎಂಬ ನಮ್ಮ ಕ್ರಮವೇ ಇಲ್ಲಿ ಹಾಗೆಯೇ ಉಳಿಯಿತು. ನಾವು ಹುಡುಗಿಗೆ ಈ ವಾಕ್ಯವನ್ನೇ ಸೂಚಿಸಿದೆವು.

ಷಷ್ಠಿ ಮತ್ತು ಕ್ರಿಯಾವಿಶೇಷಣಗಳು ಕೂಡುವ ಇನ್ನೊಂದು ಸ್ಥಳಕ್ಕೆ ಬರೋಣ. ಇದಕ್ಕೆ ಜಕ್ಕಲಿಯೇ ಉದಾಹರಣೆಯನ್ನು ಒದಗಿಸುವದು. ಕರ್ನಾಟಕದ ಏಕೀಕರಣಕ್ಕಾಗಿ ಹೋರಾಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು ಅದು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ನೆಲವು ೧೯೫೬ನೆಯ ಇಸವಿಯ ನವೆಂಬರ ೧ರಂದು ಉಳಿದ ಕನ್ನಡನಾಡನ್ನು ಕೂಡಿಕೊಂಡಿತು. ‘ದೊಡ್ಡಮೇಟಿಯವರು ಎಡೆಬಿಡದೆ ದುಡಿದರು’ ಎಂಬ ವಾಕ್ಯದಲ್ಲಿ ‘ಎಡೆಬಿಡದೆ’ ಎಂಬುದು ಕ್ರಿಯಾವಿಶೇಷಣ. ಕ್ರಿಯೆಯನ್ನು ನಾಮಪದವಾಗಿಸಿದ ಕೂಡಲೆ ಅದು ‘ದೊಡ್ಡಮೇಟಿಯವರ ಎಡೆಬಿಡದ ದುಡಿಮೆ’ ಎಂದಾಯಿತು. ಕರ್ತೃವು ಷಷ್ಠಿಗೆ ಇಳಿಯಿತು. ‘ದೆ’ಕಾರವು ‘ದ’ಕಾರವಾಗಿ ಕ್ರಿಯಾವಿಶೇಷಣವು ನಾಮವಿಶೇಷಣವಾಯಿತು. ಇಂಗ್ಲಿಷಿನಲ್ಲಿಯೂ ಹೀಗೆಯೇ: ‘ವರ್ಕ್ಡ್ ಟೈರ್‌ಲೆಸ್ಲಿ’ ಎಂಬುದು ‘ದೊಡ್ಡಮೇಟೀಸ್ ಟೈರ್‌ಲೆಸ್ ವರ್ಕ್’ ಎಂದಾಗುವಾಗ ಕೊನೆಯ ‘ಲಿ’ ಬಿದ್ದುಹೋಗುವದು. ಡೆನ್ಮಾರ್ಕಿನ ವ್ಯಾಕರಣಜ್ಞ ಆಟೋ ಯೆಸ್ಪರ್ಸನ್ನನು ೧೯೨೪ರ ತನ್ನ ‘ಫಿಲಾಸಫಿ ಆಫ್ ಗ್ರಾಮರ್’ ಗ್ರಂಥದಲ್ಲಿ ಇಂಥ ಮಾರ್ಪಾಡನ್ನು ವಿವರಿಸಿರುವನು.

ಆದರೆ ‘ವರ್ಕಿಂಗ್’, ‘ಕಮಿಂಗ್’, ‘ಲೀವಿಂಗ್’ ಎಂಬ ರೂಪಗಳು ಅರ್ಧ ನಾಮ, ಅರ್ಧ ಕ್ರಿಯೆ. ಇವುಗಳೊಡನೆ ಷಷ್ಠಿಯೂ ಕ್ರಿಯಾವಿಶೇಷಣವೂ ಒಟ್ಟಿಗೆ ಇರಬಲ್ಲವು. ‘ಹಿಸ್ ಸಡನ್ ಡಿಪಾರ್ಚರ್’ ಎನ್ನಬೇಕು. ಆದರೆ ‘ಹಿಸ್ ಸಡನ್ಲಿ ಲೀವಿಂಗ್ ದಿ ವಿಲೇಜ್’ ಎನ್ನಬಹುದು. ‘ಹಿಸ್ ಸಡನ್ಲಿ ಡಿಪಾರ್ಚರ್’ ಎಂಬುದು ಮಾತ್ರ ಎಲ್ಲಿಯೂ ಸಲ್ಲದು.

ನಮ್ಮ ಮಕ್ಕಳು ಇಲ್ಲಿ ‘ಹೀ ಕಮಿಂಗ್ ಲೇಟ್’ ಎಂದು ಬರೆಯುವದಕ್ಕೂ ಕಾರಣ ಕನ್ನಡವೇ. ‘ಅವನು ತಡವಾಗಿ ಬರುವದು’ ಎಂಬಲ್ಲಿ ನಾವು ಕರ್ತೃವನ್ನು ಪ್ರಥಮೆಯಲ್ಲಿಯೇ ಇರಿಸುವೆವು. ಇಂಗ್ಲಿಷಿನ ಶಿಷ್ಟ ಬರವಣಿಗೆಯು ‘ಹಿಸ್ ಕಮಿಂಗ್ ಲೇಟ್’ ಎಂದು ಷಷ್ಠಿಯನ್ನು ಬಯಸುವದು. ‘ಹಿಮ್ ಕಮಿಂಗ್ ಲೇಟ್’ ಎಂಬ ರೂಢಿಯನ್ನು ಫೌಲರನು ೧೯೨೬ರ ತನ್ನ ಬಳಕೆಯ ನಿಘಂಟಿನಲ್ಲಿ ಕಟುವಾಗಿ ಖಂಡಿಸಿದನು. ಯೆಸ್ಪರ್ಸನ್ನನು ಅದರ ಪರವಾಗಿ ವಾದಿಸಿದನು. ಇಂದು ಎರಡೂ ಬಳಕೆಯಲ್ಲಿವೆ. ಅರ್ಜಿ ಮತ್ತು ಪರೀಕ್ಷೆಗಳಲ್ಲಿ ಷಷ್ಠಿಯೇ ಕ್ಷೇಮಕರ.

ಇನ್ನು ಕಾಲ ಮತ್ತು ಸ್ಥಳಗಳನ್ನು ಹೇಳುವ ಅವ್ಯಯಗಳು. ಕನ್ನಡದ ಷಷ್ಠಿಯು ಇವುಗಳಿಗೆ ಬಹು ಉದಾರವಾಗಿದೆ: ಇಂದಿನ, ನಿನ್ನೆಯ, ಈಗಿನ, ಆಗಿನ, ಇಲ್ಲಿಯ, ಮೇಲಿನ, ‘ತಣ್ಣನೆಯ ಗಾಳಿ’, ‘ಮೆಲ್ಲನೆಯ ದನಿ’ ಎಂಬಲ್ಲಿ ರೀತಿಯನ್ನು ಹೇಳುವ ಮಾತುಗಳೂ ಅದರ ಆಶ್ರಯವನ್ನು ಪಡೆದಿವೆ. ಇಂಗ್ಲಿಷಿನಲ್ಲಿ ‘ಟುಡೇ’, ‘ಎಸ್ಟರ್‌ಡೇ’, ‘ಟುಮಾರೋ’ ಮೊದಲಾದ ಕೆಲವಕ್ಕೆ ಮಾತ್ರ ಈ ಭಾಗ್ಯ. ಮೇಲಾಗಿ ‘ಜಕ್ಕಲಿಯ ನಿನ್ನೆಯ ಮಳೆ’ ಎಂದು ಒಂದು ಮಳೆಗೆ ಎರಡು ಷಷ್ಠಿಗಳನ್ನು ನಾವು ಸಲೀಸಾಗಿ ಹೂಡುವೆವು. ಇಂಗ್ಲಿಷಿನಲ್ಲಿ ಒಂದು ನಾಮಪದದ ಮುಂದೆ ಅಂಥ ಒಡೆತನಕ್ಕೆ ಇರುವದು ಒಂದೇ ಮಣೆ. ಅದರಲ್ಲಿ ‘ಎಸ್ಟರ್‌ಡೇಸ್’ ಕುಳಿತರೆ ಜಕ್ಕಲಿಯು ಹಿಂದೆ ಸರಿದು ‘ಎಸ್ಟರ್‌ಡೇಸ್ ರೇನ್ ಎಟ್ ಜಕ್ಕಲಿ’ ಎಂದಾಗಬೇಕು. ‘ಯುವರ್ ಎಸ್ಟರ್‌ಡೇಸ್ ಲೆಟರ್’ ಎಂದು ನಮ್ಮವರು ಬರೆಯುವದೂ ಇದೇ ತೊಡಕು. ‘ಯುವರ್ ಲೆಟರ್ ಆಫ್ ಎಸ್ಟರ್‌ಡೇ’ ಎಂಬುದು ಸರಿಯಾದ ಕ್ರಮ.

ಇಷ್ಟರಮೇಲೆ ಒಂದು ಸ್ವಾರಸ್ಯವನ್ನು ಹೇಳದೆ ಬಿಡಲಾರೆವು. ಕನ್ನಡದಲ್ಲಿ ಅವ್ಯಯವು ಷಷ್ಠಿಯನ್ನು ತೊಟ್ಟು ವಿಶೇಷಣವಾಗುವದಷ್ಟೆ? ಹಳೆಯ ಇಂಗ್ಲಿಷಿನಲ್ಲಿ ಷಷ್ಠಿಯೇ ಅವ್ಯಯವಾಗುತ್ತಿತ್ತು. ‘ವನ್ಸ್’ ಎಂಬುದು ‘ಒಂದರ’ ಎಂಬರ್ಥದ ಹಳೆಯ ಷಷ್ಠೀರೂಪ. ‘ಆಲ್ವೇಸ್’ ಎಂಬುದರ ಕೊನೆಯ ಸಕಾರವೂ ಅದೇ ಷಷ್ಠಿಯ ಕುರುಹು. ದಿನಕ್ಕೆ ಹತ್ತು ಸಲ ಆಡುವ ಮಾತುಗಳಲ್ಲಿ ಇವೆರಡರ ಹಳೆಯ ನಂಟು ಅಡಗಿದೆ.

ಜಕ್ಕಲಿಯ ಆ ಕುಮಾರಿಗೆ ನಮ್ಮ ಮಾತು ಇಷ್ಟೆ: ನಿನ್ನ ತಪ್ಪು ದಡ್ಡತನದ ಗುರುತಲ್ಲ, ತಂಗೀ, ಕನ್ನಡವನ್ನು ಬಲ್ಲವಳಾದುದರಿಂದಲೇ ಹಾಗೆ ಬರೆದೆ. ತಾಯಂದಿರಿಗೂ ಒಂದು ವಿನಂತಿ. ಮಕ್ಕಳ ಇಂಗ್ಲಿಷ್ ವಾಕ್ಯವು ವಿಚಿತ್ರವಾಗಿ ಕಂಡಾಗ, “ಇದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀ?” ಎಂದು ಕೇಳಿರಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ತಾನು ಹೇಳಬೇಕಾದುದು ಏನೆಂಬುದು ಮಗುವಿಗೆ ಆ ಉತ್ತರದಲ್ಲಿಯೇ ತಿಳಿಯುವದು. ಅನಂತರ ಶಬ್ದಗಳಿಗೆ ಸ್ಥಾನವನ್ನು ಹುಡುಕುವದು ಕಷ್ಟವಲ್ಲ.

ಅರ್ಜಿಯನ್ನು ತಿದ್ದಿ ಅವಧಿಯೊಳಗೆ ಕೊಟ್ಟುಬಂದಳೆಂದು ಆ ತಾಯಿಯವರಿಂದ ಮೊನ್ನೆ ಕಾಗದವು ಬಂದಿದೆ. ವೇತನದ ನಿರ್ಣಯವು ಇನ್ನೂ ಆಗಬೇಕು. ಕಾಗದದ ಕೊನೆಗೆ ಹುಡುಗಿಯು ತನ್ನ ಕೈಯಿಂದಲೇ ಇಂಗ್ಲಿಷಿನಲ್ಲಿ ಒಂದು ಸಾಲನ್ನು ಬರೆದಿರುವಳು. ಅದರಲ್ಲಿ ‘ಓನ್ಲಿ’ಯು ತನ್ನ ಸ್ಥಾನದಲ್ಲಿಯೇ ಇತ್ತು.