ಅಮ್ಮನಿಗೆ ಎರಡು ಮೆಟ್ಟಿಲು

ಅಟ್ಟದ ಡಬ್ಬ ಇಳಿಸಲು ಅಮ್ಮ ಪ್ಲಾಸ್ಟಿಕ್ ಕುರ್ಚಿ ಹತ್ತಿ ಬಿದ್ದಾಗ ನಾನೂ ಸೇರಿ ಎಲ್ಲರೂ ಕೇಳಿದ್ದು ಒಂದೇ: 'ನೋಡಿಕೊಂಡು ಹತ್ತಬಾರದಾ?' ಏಳಡಿ ಎತ್ತರದಲ್ಲಿ ಅಟ್ಟ ಕಟ್ಟಿಸಿದವರನ್ನು ಯಾರೂ ಕೇಳಲಿಲ್ಲ.

ನಮ್ಮ ನಲ್ಲೂರಿನ ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಮರಗಳಿಗೆ ಪಟ್ಟ ಸಿಕ್ಕಿತು, ಸಂತೋಷ. ಹೆಂಗಸರಿಗೆ ಹತ್ತಿ ನಿಲ್ಲಲು ಎರಡು ಹಲಗೆ ಮಾತ್ರ ಇನ್ನೂ ಸಿಕ್ಕಿಲ್ಲ.

ತೋಪಿನ ಮರ ಮುಟ್ಟಬೇಕಿಲ್ಲ, ಹಳೇ ಬಾಗಿಲಿನ ಚೌಕಟ್ಟು ಸಾಕು. ಸ್ಟೂಲಿನ ಕಾಲುಗಳು ಕೆಳಗೆ ಅಗಲವಾಗಿ ಚಾಚಿರಲಿ, ನಡುವೆ ಅಡ್ಡಪಟ್ಟಿ ಇರಲಿ. ಬರೀ ಮೊಳೆ ಸಡಿಲವಾಗುತ್ತದೆ. ಅಂಟು ಹಚ್ಚಿ ಸ್ಕ್ರೂ ಬಿಗಿಯಿರಿ. ಮೊದಲು ನೀವೇ ಹತ್ತಿ ಕುಣಿದು ನೋಡಿ.

'ಪಿಎಚ್.ಡಿ. ಓದೋನಿಗೆ ಬಡಗಿ ಕೆಲಸವಾ?' ಎಂದು ನಕ್ಕರು. ನಗಲಿ. ಹುಷಾರಾಗಿರಮ್ಮ ಎಂದು ಉಪದೇಶಿಸುವ ಗಂಡಸರೇ, ಮೊದಲು ಗರಗಸ ಹಿಡಿಯಿರಿ.